ಜಪಾನಿನಲ್ಲಿ ಕಾಲ ಬೇರೆ, ಶಕೆ ಬೇರೆ

ಮಾನ್ಯ ಸಂಪಾದಕರೇ,

ಜಪಾನಿನ ಇತಿಹಾಸದ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬರುವ ಲೇಖನಗಳಲ್ಲೂ ಪರೀಕ್ಷಾರ್ಥಿಗಳಿಗೆಂದು ಮೀಸಲಾದ ಪುಟಗಳಲ್ಲೂ ‘ಯುಗ’ ಎಂಬ ಒಂದೇ ಪದ ಎರಡು ಬೇರೆ ಬೇರೆ ಸಂಗತಿಗಳ ಹೊರೆ ಹೊತ್ತು ನಿಂತಿದೆ. ‘ಎದೊ ಯುಗ’, ‘ಗೆನ್ರೊಕು ಯುಗ’, ‘ರೇವಾ ಯುಗ’ ಮೂರೂ ಒಂದೇ ಜಾತಿಯವು ಎಂಬಂತೆ ಸಾಲಾಗಿ ಬರುತ್ತವೆ. ಅವು ಒಂದೇ ಜಾತಿಯವಲ್ಲ. ಎದೊ ಎಂಬುದು ಇತಿಹಾಸಕಾರರು ಹಿಂತಿರುಗಿ ನೋಡಿ ಇಟ್ಟ ಹೆಸರು. ಗೆನ್ರೊಕು ಎಂಬುದು ವರ್ಷ ಎಣಿಸಲೆಂದು ಅರಮನೆಯೇ ಹೊರಡಿಸಿದ ಹೆಸರು. 1688ರಿಂದ 1704ರವರೆಗೆ ನಡೆದದ್ದು, ಎದೊ ಕಾಲದ ಹೊಟ್ಟೆಯೊಳಗೇ ಇರುವಂಥದ್ದು. ‘ಎದೊ ಯುಗದ ನಂತರ ಗೆನ್ರೊಕು ಯುಗ’ ಎಂದು ಬರೆದರೆ ಮನೆಯ ನಂತರ ಅಡುಗೆಮನೆ ಎಂದ ಹಾಗೆ.

ಜಪಾನೀಯರು ಮೊದಲನೆಯದನ್ನು ‘ಜಿದಾಯ್’ ಎನ್ನುತ್ತಾರೆ, ಎರಡನೆಯದನ್ನು ‘ನೆಂಗೋ’ ಅಥವಾ ‘ಗೆಂಗೋ’. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಿಲ್ಲ. ಜಿದಾಯ್‌ಗೆ ‘ಕಾಲ’, ನೆಂಗೋಗೆ ‘ಶಕೆ’ ಎಂದರೆ ಸಾಕು. ಒಂದು ಎಚ್ಚರ ಮಾತ್ರ ಬೇಕು. ಶಾಲಿವಾಹನ ಶಕೆಯಂತೆ ಒಂದೇ ಎಣಿಕೆ ಸಾವಿರಾರು ವರ್ಷ ಸಾಗುವುದಿಲ್ಲ. ಹೆಸರು ಬದಲಾದಾಗಲೆಲ್ಲ ಲೆಕ್ಕ ಒಂದರಿಂದ ಶುರುವಾಗುತ್ತದೆ. ಯುಗ ಎಂಬ ಪದವನ್ನು ಕೃತ, ತ್ರೇತಾ, ದ್ವಾಪರಗಳಿಗೇ ಬಿಟ್ಟುಬಿಡಬಹುದು.

ಕಾಲಗಳ ಹೆಸರು ಹುಟ್ಟಿದ ಬಗೆ ಗೊತ್ತಿದ್ದರೆ ಅರ್ಧ ತಪ್ಪುಗಳು ತಾವಾಗಿ ನಿಲ್ಲುತ್ತವೆ. ಜೋಮೊನ್ ಎಂದರೆ ಹುರಿಯ ಗುರುತು. ಹಸಿ ಮಡಕೆಯ ಮೇಲೆ ಹೊಸೆದ ಹುರಿಯನ್ನು ಒತ್ತಿ ಮೂಡಿಸಿದ ವಿನ್ಯಾಸ. 1877ರಲ್ಲಿ ಟೋಕಿಯೊದ ಓಮೊರಿಯ ಚಿಪ್ಪಿನ ದಿಬ್ಬವನ್ನು ಅಗೆದ ಅಮೆರಿಕದ ಎಡ್ವರ್ಡ್ ಮೋರ್ಸ್ ಈ ಮಡಕೆಗಳನ್ನು ಬಣ್ಣಿಸಲು ಬಳಸಿದ ಮಾತಿನ ಜಪಾನೀ ಅನುವಾದವೇ ಈ ಹೆಸರು. ಯಾಯೊಯಿ ಎಂಬುದು ಟೋಕಿಯೊದ ಒಂದು ಬಡಾವಣೆ. 1884ರಲ್ಲಿ ಬೇರೆ ಬಗೆಯ ಮಡಕೆ ಸಿಕ್ಕ ಜಾಗ. ಕೊಫುನ್ ಎಂದರೆ ಹಳೆಯ ಗೋರಿದಿಬ್ಬ. ಕೀಲಿರಂಧ್ರದ ಆಕಾರದ ಈ ದಿಬ್ಬಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸಾಕಾಯ್ ನಗರದ ದಾಯ್ಸೆನ್. ಪುಸ್ತಕಗಳಲ್ಲಿ ಬರುವ ಅದರ ಉದ್ದ 486 ಮೀಟರು. ಅಲ್ಲಿಂದ ಮುಂದೆ ಅಸುಕ, ನಾರಾ, ಹೇಯನ್, ಕಾಮಕುರ, ಮುರೊಮಾಚಿ, ಎದೊ ಇವೆಲ್ಲ ಅಧಿಕಾರ ಕುಳಿತ ಜಾಗದ ಹೆಸರುಗಳು.

‘ಅಧಿಕಾರ ಕುಳಿತ ಜಾಗ’ ಎಂದಿರುವುದು ಬೇಕೆಂದೇ. ಅದು ರಾಜಧಾನಿ ಎಂಬುದಕ್ಕೆ ಸಮನಲ್ಲ. ‘1185ರಲ್ಲಿ ರಾಜಧಾನಿ ಕಾಮಕುರಕ್ಕೆ ವರ್ಗವಾಯಿತು’, ‘1603ರಲ್ಲಿ ಎದೊ ರಾಜಧಾನಿಯಾಯಿತು’ ಎಂಬ ವಾಕ್ಯಗಳು ಪದೇ ಪದೇ ಕಾಣುತ್ತವೆ. ಚಕ್ರವರ್ತಿ ಮತ್ತು ಅವನ ಆಸ್ಥಾನ 794ರಿಂದ 1869ರವರೆಗೆ ಇದ್ದದ್ದು ಕ್ಯೋಟೊದಲ್ಲೇ. ನಡುವೆ 1180ರಲ್ಲಿ ಕೆಲವು ತಿಂಗಳು ಫುಕುಹಾರಕ್ಕೆ ಹೋಗಿಬಂದದ್ದುಂಟು, ಹದಿನಾಲ್ಕನೆಯ ಶತಮಾನದಲ್ಲಿ ಯೊಶಿನೊದಲ್ಲಿ ಎದುರಾಳಿ ಆಸ್ಥಾನವೊಂದು ಎದ್ದದ್ದೂ ಉಂಟು, ಅಷ್ಟೇ. ಕಾಮಕುರ ಮತ್ತು ಎದೊ ಶೋಗನ್‌ರ, ಎಂದರೆ ಸೇನಾಧಿಪತಿಗಳ, ಸರಕಾರ, ಅಂದರೆ ‘ಬಾಕುಫು’, ಇದ್ದ ಊರುಗಳು. ಶೋಗನ್ ಪದವಿ ಕೊಡುತ್ತಿದ್ದವನು ಕ್ಯೋಟೊದ ಚಕ್ರವರ್ತಿಯೇ. ಮುರೊಮಾಚಿಯಂತೂ ಕ್ಯೋಟೊದೊಳಗಿನ ಒಂದು ಬೀದಿಯ ಹೆಸರು. ಅಶಿಕಾಗಾ ಮನೆತನದ ಶೋಗನ್ ಯೊಶಿಮಿತ್ಸು ಅಲ್ಲಿ ಅರಮನೆ ಕಟ್ಟಿಸಿದ.

ಆರಂಭದ ಕಾಲಗಳಿಗೆ ಖಚಿತ ಇಸವಿ ಬರೆಯುವ ಚಟವನ್ನೂ ಬಿಡಬೇಕು. ಯಾಯೊಯಿ ಕಾಲ ಕ್ರಿ.ಪೂ. 300ರಲ್ಲಿ ಶುರುವಾಯಿತು ಎಂದು ಹಳೆಯ ಪುಸ್ತಕಗಳಲ್ಲಿರುವುದು ನಿಜ. ಆದರೆ 2003ರಲ್ಲಿ ಜಪಾನಿನ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದ ಸಂಶೋಧಕರು ಮಡಕೆಗಳಿಗೆ ಅಂಟಿದ ಕರಿಯ ಇಂಗಾಲವನ್ನು ಪರೀಕ್ಷಿಸಿ, ಯಾಯೊಯಿ ಕಾಲದ ಗುರುತಾದ ಗದ್ದೆಯ ಭತ್ತದ ಬೇಸಾಯ ಕ್ರಿ.ಪೂ. ಹತ್ತನೆಯ ಶತಮಾನದ ಹೊತ್ತಿಗೇ ಉತ್ತರ ಕ್ಯೂಶೂವಿಗೆ ಬಂದಿತ್ತು ಎಂದರು. ಎಲ್ಲರೂ ಅದನ್ನು ಪೂರ್ತಿ ಒಪ್ಪಿಲ್ಲ, ಆದರೆ ಈಗಿನ ಪುಸ್ತಕಗಳಲ್ಲಿ 300 ಎಂಬ ಗೆರೆ ಗಟ್ಟಿಯಾಗಿ ಉಳಿದಿಲ್ಲ. ಇನ್ನೊಂದು ಮಾತು: ಈ ಪಟ್ಟಿ ಇಡೀ ದ್ವೀಪಸಮೂಹಕ್ಕೆ ಅನ್ವಯಿಸುವುದೂ ಇಲ್ಲ. ಹೊಕ್ಕೈಡೊಕ್ಕೆ ಆಗ ಭತ್ತ ತಲುಪಲೇ ಇಲ್ಲ, ಹಾಗಾಗಿ ಅಲ್ಲಿ ಯಾಯೊಯಿ ಕಾಲ ಎಂಬುದೇ ಇಲ್ಲ. ಜೋಮೊನ್ ಬದುಕೇ ಮುಂದುವರಿಯಿತು. ಓಕಿನಾವದ ಕಾಲಗಣನೆಯೂ ಬೇರೆ. ಅಲ್ಲಿ 1429ರಿಂದ 1879ರವರೆಗೆ ರ್ಯೂಕ್ಯೂ ಎಂಬ ಬೇರೆಯೇ ರಾಜ್ಯವಿತ್ತು. 1609ರಲ್ಲಿ ದಕ್ಷಿಣ ಕ್ಯೂಶೂವಿನ ಸಾತ್ಸುಮ ಸಂಸ್ಥಾನದ ಸೇನೆ ಅದನ್ನು ಸೋಲಿಸಿ ಹಿಡಿತಕ್ಕೆ ತೆಗೆದುಕೊಂಡಿತು, ಆದರೂ ರಾಜ್ಯ ಉಳಿದಿತ್ತು.

ಮುಂದಿನ ಕಾಲಗಳ ಗಡಿಗಳಲ್ಲಿ ಎರಡೆರಡು ಇಸವಿ ಕಂಡರೆ ಒಂದು ಅಚ್ಚಿನ ತಪ್ಪು ಎಂದುಕೊಂಡು ತಿದ್ದಬೇಡಿ. ಯಾವ ಘಟನೆಯನ್ನು ಗೆರೆ ಎಂದು ಹಿಡಿದಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. ಅಸುಕ ಕಾಲವನ್ನು ಬೌದ್ಧಧರ್ಮ ಬಂದ 538ರಿಂದ ಎಣಿಸುವವರಿದ್ದಾರೆ, 592ರಿಂದ ಎಣಿಸುವವರೂ ಇದ್ದಾರೆ. ನಾರಾ ಕಾಲ 710ರಿಂದ 794 ಎನ್ನುತ್ತೇವೆ, ಆದರೆ ಆಸ್ಥಾನ ನಾರಾ ಬಿಟ್ಟದ್ದು 784ರಲ್ಲಿ. ಕೊನೆಯ ಹತ್ತು ವರ್ಷ ರಾಜಧಾನಿ ನಾಗಾಓಕ. ಕಾಮಕುರದ ಆರಂಭಕ್ಕೆ ಜಪಾನಿನ ಶಾಲೆಗಳಲ್ಲಿ ತಲೆಮಾರುಗಟ್ಟಲೆ 1192 ಎಂದೇ ಬಾಯಿಪಾಠ ಮಾಡಿಸುತ್ತಿದ್ದರು. ಅದು ಮಿನಾಮೊತೊ ನೊ ಯೊರಿತೊಮೊ ಶೋಗನ್ ಆದ ವರ್ಷ. ಈಗ 1185 ಎನ್ನುವುದು ಹೆಚ್ಚು. ಆ ವರ್ಷ ದಾನ್-ನೊ-ಉರ ಕಡಲ ಕದನದಲ್ಲಿ ತಾಯ್ರ ಮನೆತನ ಮುಳುಗಿತು, ನಾಡಿನುದ್ದಕ್ಕೂ ತನ್ನ ಅಧಿಕಾರಿಗಳನ್ನು ನೇಮಿಸುವ ಹಕ್ಕು ಯೊರಿತೊಮೊನಿಗೆ ಸಿಕ್ಕಿತು. ಪದವಿ ಸಿಕ್ಕ ವರ್ಷವೇ, ಅಧಿಕಾರ ಸಿಕ್ಕ ವರ್ಷವೇ ಎಂಬುದೇ ಇಲ್ಲಿನ ಪ್ರಶ್ನೆ. ಎರಡನೆಯದೇ ಸರಿಯಾದ ಗೆರೆ ಎಂಬುದು ನಮ್ಮ ಅಭಿಪ್ರಾಯ.

ಪರೀಕ್ಷೆಯ ಪುಟಗಳು ಹೆಚ್ಚು ಎಡವುವುದು ಮುರೊಮಾಚಿಯಲ್ಲಿ. ‘ಮುರೊಮಾಚಿ, ಅನಂತರ ನಾನ್ಬೊಕುಚೋ, ಅನಂತರ ಸೆಂಗೊಕು’ ಎಂದು ಮೂರು ಮೆಟ್ಟಿಲು ಜೋಡಿಸಿಬಿಡುತ್ತಾರೆ. ಇವು ಒಂದರೊಳಗೊಂದು ಇಟ್ಟ ಡಬ್ಬಿಗಳು. ದೊಡ್ಡ ಡಬ್ಬಿ ಮುರೊಮಾಚಿ, 1336ರಿಂದ (ಅಶಿಕಾಗಾ ತಕಾಉಜಿ ಶೋಗನ್ ಆದದ್ದನ್ನು ಹಿಡಿದರೆ 1338ರಿಂದ) 1573ರವರೆಗೆ. ಅದರ ಮೊದಲ ಭಾಗದಲ್ಲಿ, 1392ರವರೆಗೆ, ಉತ್ತರ ಮತ್ತು ದಕ್ಷಿಣ ಎಂಬ ಎರಡು ಆಸ್ಥಾನಗಳ ನಾನ್ಬೊಕುಚೋ. ಕೊನೆಯ ಭಾಗದಲ್ಲಿ, 1467ರ ಓನಿನ್ ಯುದ್ಧದಿಂದ, ಸೆಂಗೊಕು, ಅಂದರೆ ಸಾಮಂತರ ಕಾದಾಟದ ಕಾಲ; ಆದರೆ ಇದು ದೊಡ್ಡ ಡಬ್ಬಿಯ ಅಂಚು ದಾಟಿ 1590ರಲ್ಲಿ ಸೇನಾನಾಯಕ ತೊಯೊತೊಮಿ ಹಿದೆಯೊಶಿ ದೇಶವನ್ನು ಒಂದುಗೂಡಿಸುವವರೆಗೂ ಚಾಚುತ್ತದೆ ಎನ್ನುವವರಿದ್ದಾರೆ. 1573 ಕೂಡ ಪೂರ್ತಿ ಕೊನೆಯಲ್ಲ. ಆ ವರ್ಷ ಸೇನಾನಾಯಕ ಓದ ನೊಬುನಾಗ ಕೊನೆಯ ಅಶಿಕಾಗಾ ಶೋಗನ್‌ನನ್ನು ಕ್ಯೋಟೊದಿಂದ ಓಡಿಸಿದ. ಓಡಿಹೋದವನು ಪದವಿ ಬಿಟ್ಟದ್ದು 1588ರಲ್ಲಿ.

ಅದರ ಮುಂದಿನ ಅಜುಚಿ–ಮೊಮೊಯಾಮ ಎಂಬ ಜೋಡಿ ಹೆಸರು ಇನ್ನೂ ತಮಾಷೆಯದು. ಅಜುಚಿ ಕೋಟೆಯ ಕೆಲಸ ಶುರುವಾದದ್ದು 1576ರಲ್ಲಿ, ಉರಿದುಹೋದದ್ದು 1582ರಲ್ಲಿ. ಅಂದರೆ ಕಾಲ ಶುರುವಾದಾಗ ಕೋಟೆಯೇ ಇರಲಿಲ್ಲ. ಮೊಮೊಯಾಮ ಎಂದರೆ ಪೀಚ್ ಹಣ್ಣಿನ ಗುಡ್ಡ. ಹಿದೆಯೊಶಿಯ ಫುಶಿಮಿ ಕೋಟೆಯನ್ನು ಕೆಡವಿದ ಮೇಲೆ ಆ ಗುಡ್ಡದಲ್ಲಿ ಪೀಚ್ ಗಿಡ ಬೆಳೆಸಿದ್ದರಿಂದ ಬಂದ ಹೆಸರು. ಹಿದೆಯೊಶಿಯ ಕಿವಿಗೆ ಅದು ಬಿದ್ದೇ ಇರಲಾರದು. ಇನ್ನು ‘ಶೋಗನ್ ನೊಬುನಾಗ’, ‘ಶೋಗನ್ ಹಿದೆಯೊಶಿ’ ಎಂದು ಬರೆಯುವುದನ್ನು ಇಂದೇ ನಿಲ್ಲಿಸಬಹುದು. ಇಬ್ಬರೂ ಶೋಗನ್ ಆಗಲಿಲ್ಲ. ಹಿದೆಯೊಶಿ 1585ರಲ್ಲಿ ಪಡೆದದ್ದು ‘ಕಾಂಪಾಕು’, ಎಂದರೆ ಚಕ್ರವರ್ತಿಯ ಪರವಾಗಿ ರಾಜ್ಯಭಾರ ನೋಡುವ ಪದವಿ. 1603ರಲ್ಲಿ ಶೋಗನ್ ಆದವನು ತೊಕುಗಾವ ಇಯೆಯಾಸು.

ಎದೊ ಕಾಲವನ್ನು ‘ಮಧ್ಯಯುಗ’ ಎಂದು ಕರೆಯುವುದೂ ಜಪಾನಿನ ಇತಿಹಾಸಕಾರರ ಲೆಕ್ಕಕ್ಕೆ ಹೊಂದುವುದಿಲ್ಲ. ಅವರಿಗೆ ಮಧ್ಯಕಾಲ ಎಂದರೆ ಕಾಮಕುರ ಮತ್ತು ಮುರೊಮಾಚಿ. ಅಜುಚಿ–ಮೊಮೊಯಾಮ ಮತ್ತು ಎದೊ ಸೇರಿ ‘ಕಿನ್ಸೇ’, ಅಂದರೆ ಆಧುನಿಕತೆಗೆ ಹತ್ತಿರದ ಕಾಲ. ಹಾಗೆಯೇ ‘ಎರಡು ಶತಮಾನ ಜಪಾನ್ ಬಾಗಿಲು ಮುಚ್ಚಿಕೊಂಡಿತ್ತು’ ಎಂಬ ಮಾತು. ಅದಕ್ಕೆ ಬಳಸುವ ‘ಸಕೊಕು’ ಎಂಬ ಪದವೇ 1801ರ ಒಂದು ಅನುವಾದದಲ್ಲಿ ಹುಟ್ಟಿದ್ದು. 1639ರಲ್ಲಿ ಪೋರ್ಚುಗೀಸರಿಗೆ ಬಾಗಿಲು ಹಾಕಿದರು, 1641ರಲ್ಲಿ ಡಚ್ಚರನ್ನು ನಾಗಾಸಾಕಿಯ ದೆಜಿಮ ಎಂಬ ಕೃತಕ ದ್ವೀಪಕ್ಕೆ ಸೇರಿಸಿದರು. ಆದರೆ ನಾಗಾಸಾಕಿಯಲ್ಲಿ ಚೀನೀ ವರ್ತಕರೂ ಇದ್ದರು; ತ್ಸುಶಿಮದ ಮೂಲಕ ಕೊರಿಯ, ಸಾತ್ಸುಮದ ಮೂಲಕ ರ್ಯೂಕ್ಯೂ, ಮಾತ್ಸುಮಾಯೆಯ ಮೂಲಕ ಐನು ಜನರ ನಾಡು, ಹೀಗೆ ನಾಲ್ಕು ಬಾಗಿಲು ತೆರೆದೇ ಇದ್ದವು, ಕಾವಲು ಮಾತ್ರ ಬಿಗಿ.

ಎದೊ ಒಳಗಿನ ಸಂಗತಿಗಳಿಗೆ ಶಕೆಯ ಹೆಸರು ಅಂಟುವುದರಿಂದ ಗೊಂದಲ ಇನ್ನೂ ಬೆಳೆಯುತ್ತದೆ. ಎಂಟನೆಯ ಶೋಗನ್ ಯೊಶಿಮುನೆಯ ಕ್ಯೋಹೋ ಸುಧಾರಣೆ, ಬಾಕುಫುವಿನ ಹಿರಿಯ ಮಂತ್ರಿ ಮಾತ್ಸುದಾಯ್ರ ಸದನೊಬುವಿನ ಕಾನ್ಸೇ ಸುಧಾರಣೆ, 1841ರಿಂದ 1843ರವರೆಗಿನ ತೆಂಪೋ ಸುಧಾರಣೆ ಇವೆಲ್ಲ ಶಕೆಯ ಹೆಸರು ಹೊತ್ತವು. ಆದರೆ ಹೆಸರನ್ನು ನಂಬಿ ಇಸವಿ ಹಾಕಬೇಡಿ. ಕಾನ್ಸೇ ಶಕೆ ಶುರುವಾದದ್ದು 1789ರಲ್ಲಿ. ಸುಧಾರಣೆ ಶುರುವಾದದ್ದು 1787ರಲ್ಲಿ, ಹಿಂದಿನ ತೆನ್ಮೇ ಶಕೆಯಲ್ಲಿ. ‘ಕಸೇ ಸಂಸ್ಕೃತಿ’ ಎಂದು ಓದಿ ಕಸೇ ಎಂಬ ಶಕೆಯನ್ನು ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಬುಂಕ ಮತ್ತು ಬುನ್ಸೇ ಎಂಬ ಎರಡು ಶಕೆಗಳ (1804ರಿಂದ 1830) ಬಾಲಗಳನ್ನು ಕೂಡಿಸಿದ ಹೆಸರು.

ಈಗ ಶಕೆಯ ಲೆಕ್ಕ. ಮೊದಲ ಶಕೆ 645ರ ತಾಯ್ಕ. ನಡುವೆ ಬಿಟ್ಟು ಬಿಟ್ಟು ಬಂದು, 701ರ ತಾಯ್ಹೋದಿಂದ ಇವತ್ತಿನವರೆಗೂ ಕಡಿಯದೆ ನಡೆದಿದೆ. ಈಗಿನ ರೇವಾ 248ನೆಯದು. ಒಬ್ಬ ಚಕ್ರವರ್ತಿಗೆ ಒಂದೇ ಶಕೆ ಎಂಬ ನಿಯಮ ಬಂದದ್ದು 1868ರಲ್ಲಿ. ಅದಕ್ಕೂ ಮುಂಚೆ ಹಾಗಿರಲಿಲ್ಲ. ಶುಭಶಕುನ ಕಂಡರೆ ಹೊಸ ಹೆಸರು, ಅನಾಹುತ ಆದರೆ ಹೊಸ ಹೆಸರು. ತ್ಸುಶಿಮದಿಂದ ಚಿನ್ನ ಬಂತೆಂದು ತಾಯ್ಹೋ ಎಂಬ ಹೆಸರಿಟ್ಟರು. ಆ ಚಿನ್ನ ಮೋಸದ್ದೆಂದು ಆಮೇಲೆ ತಿಳಿಯಿತು ಎಂದು ಅರಮನೆಯ ವೃತ್ತಾಂತವೇ ಬರೆದುಕೊಂಡಿದೆ. 708ರಲ್ಲಿ ಮುಸಾಶಿ ಪ್ರಾಂತದಲ್ಲಿ ತಾಮ್ರ ಸಿಕ್ಕಿತು, ವಾದೋ ಶಕೆ ಹುಟ್ಟಿತು. ನಮ್ಮ ಸಂವತ್ಸರಗಳಂತೆ ಅವರಲ್ಲೂ ಅರವತ್ತು ವರ್ಷದ ಚಕ್ರವಿದೆ. ಅದರಲ್ಲಿ 58ನೆಯ ವರ್ಷ ಮತ್ತು 1ನೆಯ ವರ್ಷ ಕ್ರಾಂತಿ ತರುವಂಥವು ಎಂಬ ಭಯದಿಂದ ಆಗಲೂ ಹೆಸರು ಬದಲಿಸುತ್ತಿದ್ದರು. 1861ರ ಬುಂಕ್ಯೂ, 1864ರ ಗೆಂಜಿ ಬಂದದ್ದು ಹಾಗೆ. ಮೇಜಿಯ ತಂದೆ ಕೋಮೇ ಚಕ್ರವರ್ತಿಯ ಇಪ್ಪತ್ತೊಂದು ವರ್ಷದ ಆಳ್ವಿಕೆಯಲ್ಲಿ ಶಕೆ ಆರು ಬಾರಿ ಬದಲಾಯಿತು: ಕಾಏ, ಆನ್ಸೇ, ಮಾನ್‌ಎನ್, ಬುಂಕ್ಯೂ, ಗೆಂಜಿ, ಕೇಓ.

ಆಧುನಿಕ ಐದು ಶಕೆಗಳನ್ನು ಇಸವಿಗೆ ತಿರುಗಿಸುವುದು ಸರಳ ಕೂಡಿಕೆ. ಮೇಜಿಗೆ 1867, ತೈಶೋಗೆ 1911, ಶೋವಾಗೆ 1925, ಹೇಸೇಗೆ 1988, ರೇವಾಗೆ 2018 ಕೂಡಿಸಿ. ಮಹಾ ಭೂಕಂಪದ ತೈಶೋ 12 ಎಂದರೆ 1911ಕ್ಕೆ 12 ಕೂಡಿಸಿ 1923. ಮೊದಲ ವರ್ಷವನ್ನು 1 ಎಂದು ಬರೆಯದೆ ‘ಗನ್ನೆನ್’ ಎಂದು ಬರೆಯುತ್ತಾರೆ. ಅನುವಾದದಲ್ಲಿ ಅದನ್ನು ಶೂನ್ಯ ವರ್ಷ ಎಂದು ಮಾಡಿ ಒಂದು ವರ್ಷ ಹಿಂದೆ ಹೋದ ಉದಾಹರಣೆಗಳುಂಟು. ಕೆಲವು ಸರಕಾರಿ ನಮೂನೆಗಳಲ್ಲಿ ಐದು ಹೆಸರುಗಳ ಬದಲು ರೋಮನ್ ಲಿಪಿಯ ಮೊದಲಕ್ಷರ ಮಾತ್ರ ಇರುತ್ತದೆ. ಹೇಸೇ ಮುಗಿಯುವ ಮೊದಲೇ ಅಚ್ಚಾದ ಚಾಲನಾ ಪರವಾನಗಿಗಳಲ್ಲಿ ‘ಹೇಸೇ 33ರವರೆಗೆ’ ಎಂಬಂಥ ಅವಧಿ ಇತ್ತು. ಹೇಸೇ 31ಕ್ಕೇ ನಿಂತಿತು, ಆದರೆ ಕಾಗದ ಸುಳ್ಳಲ್ಲ: 30 ಕಳೆದರೆ ರೇವಾ 3, ಅಂದರೆ 2021.

ಒಂದೇ ಇಸವಿಯಲ್ಲಿ ಎರಡು ಶಕೆ ಇರುವ ವರ್ಷಗಳಲ್ಲಿ ತಿಂಗಳು, ದಿನ ನೋಡದೆ ಮುಂದೆ ಹೋಗಬಾರದು. 1912ರ ಜುಲೈ 30 ಮೇಜಿ 45ಕ್ಕೂ ಸೇರುತ್ತದೆ, ತೈಶೋ 1ಕ್ಕೂ ಸೇರುತ್ತದೆ. 1926ರ ಡಿಸೆಂಬರ್ 25 ಕೂಡ ಹಾಗೆ, ತೈಶೋ 15 ಮತ್ತು ಶೋವಾ 1. 1989ರಲ್ಲಿ ಕ್ರಮ ಬದಲಾಯಿತು: ಜನವರಿ 7ಕ್ಕೆ ಶೋವಾ 64 ಮುಗಿದು, ಮರುದಿನ ಹೇಸೇ ಶುರುವಾಯಿತು. 2019ರಲ್ಲಿ ಏಪ್ರಿಲ್ 30ರವರೆಗೆ ಹೇಸೇ 31, ಮೇ 1ರಿಂದ ರೇವಾ 1. ಶೋವಾ 64 ಇದೆ ಎಂದು ‘ಚಕ್ರವರ್ತಿ ಹಿರೊಹಿತೊ 64 ವರ್ಷ ಆಳಿದ’ ಎಂದು ಬರೆಯುವುದೂ ತಪ್ಪು. ಶೋವಾ 1ರಲ್ಲಿ ಇದ್ದದ್ದು ಏಳು ದಿನ, 64ರಲ್ಲೂ ಏಳೇ ದಿನ. ನಡುವೆ 62 ವರ್ಷ.

1873ಕ್ಕೆ ಮುಂಚಿನ ದಿನಾಂಕಗಳಲ್ಲಿ ಈ ಕೂಡಿಕೆ ಕೈಕೊಡುತ್ತದೆ. ಆಗಿನ ಪಂಚಾಂಗ ಚಾಂದ್ರಮಾನದ್ದು, ಅಧಿಕ ಮಾಸವಿರುವಂಥದ್ದು. (ನಮ್ಮಲ್ಲಿ ಅಧಿಕ ಮಾಸ ಮೊದಲು, ನಿಜ ಮಾಸ ಆಮೇಲೆ. ಅವರಲ್ಲಿ ತಿರುವುಮುರುವು: ನಾಲ್ಕನೆಯ ತಿಂಗಳು ಮುಗಿದ ಮೇಲೆ ಅಧಿಕ ನಾಲ್ಕನೆಯ ತಿಂಗಳು.) ಹೊಸ ವರ್ಷ ಬರುತ್ತಿದ್ದದ್ದು ನಮ್ಮ ಲೆಕ್ಕದ ಜನವರಿ ಕೊನೆಯಿಂದ ಫೆಬ್ರುವರಿ ಮೂರನೆಯ ವಾರದೊಳಗೆ. ಹಾಗಾಗಿ ‘ಮೊದಲನೆಯ ತಿಂಗಳು’ ಎಂಬುದನ್ನು ಜನವರಿ ಎಂದು ಅನುವಾದಿಸಬಾರದು. ಹನ್ನೆರಡನೆಯ ತಿಂಗಳಿನ, ಕೆಲವೊಮ್ಮೆ ಹನ್ನೊಂದನೆಯ ತಿಂಗಳಿನ ಘಟನೆಗಳು ಮುಂದಿನ ಇಸವಿಗೆ ಜಾರುತ್ತವೆ. ಚಿಂತಕ ಫುಕುಜಾವ ಯುಕಿಚಿ ಹುಟ್ಟಿದ್ದು ತೆಂಪೋ 5ರ ಹನ್ನೆರಡನೆಯ ತಿಂಗಳ 12ರಂದು. ತೆಂಪೋ 5ಕ್ಕೆ ಪಟ್ಟಿಯಲ್ಲಿರುವ ಇಸವಿ 1834, ಆದರೆ ಆ ದಿನ 1835ರ ಜನವರಿ 10. ನಲವತ್ತೇಳು ರೋನಿನ್‌ಗಳು, ಎಂದರೆ ಒಡೆಯನಿಲ್ಲದ ಸಮುರಾಯ್‌ಗಳು, ತಮ್ಮ ಒಡೆಯನ ಸಾವಿಗೆ ಸೇಡು ತೀರಿಸಿದ್ದು ಗೆನ್ರೊಕು 15ರ ಹನ್ನೆರಡನೆಯ ತಿಂಗಳ 14ರ ರಾತ್ರಿ; ಎಲ್ಲ ಕಡೆ 1702 ಎಂದಿರುತ್ತದೆ, ನಿಜಕ್ಕೂ ಅದು 1703ರ ಜನವರಿ ಕೊನೆ.

ನಿಯಮ ಇಷ್ಟು: ಮೂಲದಲ್ಲಿ ತಿಂಗಳು ಇಲ್ಲದಿದ್ದರೆ ಇಸವಿಯ ಹಿಂದೆ ‘ಸುಮಾರು’ ಎನ್ನಿ, ತಿಂಗಳು 11 ಅಥವಾ 12 ಇದ್ದರೆ ದಿನಾಂಕ ಪರಿವರ್ತನೆಯ ಕೋಷ್ಟಕ ನೋಡದೆ ಅಚ್ಚಿಗೆ ಕಳಿಸಬೇಡಿ. 1582ರ ಅಕ್ಟೋಬರಿಗೆ ಮೊದಲಿನ ದಿನಾಂಕಗಳಲ್ಲಿ ಇನ್ನೊಂದು ತಿರುವಿದೆ. ನೊಬುನಾಗ ಹೊನ್ನೋಜಿ ದೇವಾಲಯದಲ್ಲಿ ಸತ್ತ ದಿನವನ್ನು ಜೂನ್ 21, 1582 ಎನ್ನುವುದು ಹಳೆಯ ಜೂಲಿಯನ್ ಲೆಕ್ಕ. ಈಗಿನ ಗ್ರೆಗೋರಿಯನ್ ಲೆಕ್ಕಕ್ಕೆ ತಂದರೆ ಹತ್ತು ದಿನ ಮುಂದೆ, ಜುಲೈ 1.

ಶಕೆ ವರ್ಷದ ನಡುವೆ ಬದಲಾಗುತ್ತಿತ್ತು, ಆದರೆ ಕೋಷ್ಟಕಗಳು ಇಡೀ ವರ್ಷಕ್ಕೆ ಹೊಸ ಹೆಸರನ್ನೇ ಹಾಕುತ್ತವೆ. ಇದರಿಂದ ವಿಚಿತ್ರಗಳು ಹುಟ್ಟುತ್ತವೆ. ಅಮೆರಿಕದ ನೌಕಾಧಿಕಾರಿ ಕಮಡೋರ್ ಪೆರಿಯೊಂದಿಗೆ 1854ರ ಮಾರ್ಚ್ 31ರಂದು ಆದ ಕಾನಾಗಾವ ಒಪ್ಪಂದವನ್ನು ಕೋಷ್ಟಕದ ಪ್ರಕಾರ ‘ಆನ್ಸೇ 1’ ಎನ್ನಬೇಕು, ಒಪ್ಪಂದದ ಕಾಗದದಲ್ಲಿರುವುದು ಕಾಏ 7. 1854ರ ಡಿಸೆಂಬರ್ 23 ಮತ್ತು 24ರ ಮಹಾ ಭೂಕಂಪಗಳಿಗೆ ಆನ್ಸೇ ಭೂಕಂಪ ಎಂದು ಹೆಸರು. ಆನ್ಸೇ ಎಂಬ ಹೆಸರು ಹೊರಬಿದ್ದದ್ದೇ 1855ರ ಜನವರಿ 15ರಂದು, ಆ ಅನಾಹುತಗಳನ್ನೂ ಒಂದು ಕಾರಣವಾಗಿಟ್ಟುಕೊಂಡು. ಎಲ್ಲಕ್ಕಿಂತ ಮೇಲಿನದು ‘ಮೇಜಿ ಪುನಃಸ್ಥಾಪನೆ’, ಎಂದರೆ ಶೋಗನ್‌ನ ಕೈಯಿಂದ ಆಡಳಿತ ಚಕ್ರವರ್ತಿಗೆ ಮರಳಿದ್ದು. ಅದರ ಘೋಷಣೆಯಾದ 1868ರ ಜನವರಿ 3 ಆಗಿನ ಲೆಕ್ಕಕ್ಕೆ ಕೇಓ 3ರ ಹನ್ನೆರಡನೆಯ ತಿಂಗಳ 9. ಮೇಜಿ ಶಕೆಯನ್ನು ಸಾರಿದ್ದು ಅದೇ ವರ್ಷದ ಅಕ್ಟೋಬರ್ 23ರಂದು. ಹಿಂದಕ್ಕೆ ಎಳೆದು ಅನ್ವಯಿಸಿದ್ದು ಜನವರಿ 25ರಿಂದ. ಅಂದರೆ ಮೇಜಿ ಪುನಃಸ್ಥಾಪನೆ ಮೇಜಿ ಶಕೆಯೊಳಗೆ ಬೀಳುವುದಿಲ್ಲ. ಎರಡು ಆಸ್ಥಾನಗಳ ಕಾಲದಲ್ಲಂತೂ ಒಂದೇ ವರ್ಷಕ್ಕೆ ಎರಡು ಶಕೆ: 1350 ಉತ್ತರದವರಿಗೆ ಕಾನ್ನೋ 1, ದಕ್ಷಿಣದವರಿಗೆ ಶೋಹೇ 5. ಕಾಗದ ಬರೆದವನು ಯಾರ ಕಡೆಯವನು ಎಂಬುದನ್ನು ಶಕೆಯೇ ಹೇಳಿಬಿಡುತ್ತದೆ.

ಚಾಂದ್ರಮಾನ ಬಿಟ್ಟ ರೀತಿಯನ್ನೂ ತಿಳಿದಿರಬೇಕು. ಮೇಜಿ 5ರ ಹನ್ನೆರಡನೆಯ ತಿಂಗಳಿಗೆ ಇದ್ದದ್ದು ಎರಡೇ ದಿನ. ಮೂರನೆಯ ದಿನ ಆಗಬೇಕಾದದ್ದು ಮೇಜಿ 6ರ ಜನವರಿ 1, ಅಂದರೆ 1873ರ ಜನವರಿ 1 ಆಯಿತು. ಆದೇಶ ಹೊರಟದ್ದು ಅದಕ್ಕೆ ಕೇವಲ 23 ದಿನ ಮೊದಲು. ಅವಸರಕ್ಕೆ ಬೊಕ್ಕಸವೇ ಕಾರಣ. ಮೇಜಿ 6ರಲ್ಲಿ ಅಧಿಕ ಮಾಸ ಬರಬೇಕಿತ್ತು, ನೌಕರರಿಗೆ ಹದಿಮೂರು ತಿಂಗಳ ಸಂಬಳ ಕೊಡಬೇಕಿತ್ತು. ಅದು ಉಳಿಯಿತು, ಎರಡೇ ದಿನವಿದ್ದ ಹನ್ನೆರಡನೆಯ ತಿಂಗಳ ಸಂಬಳವೂ ಉಳಿಯಿತು.

ಮೇಜಿಯಿಂದ ಈಚೆಗೆ ಶಕೆಯ ಹೆಸರನ್ನೇ ಕಾಲದ ಹೆಸರಾಗಿಯೂ ಬಳಸುತ್ತಾರೆ, ಹಾಗಾಗಿ ಅಲ್ಲಿ ‘ಮೇಜಿ ಕಾಲ’ ಎಂದರೂ ‘ಮೇಜಿ ಶಕೆ’ ಎಂದರೂ ನಡೆಯುತ್ತದೆ. ಗೊಂದಲದ ಬೇರು ಇರುವುದೂ ಇಲ್ಲೇ. ಶೋವಾ ಕಾಲ ಎಂದಷ್ಟೇ ಬರೆದರೆ ಸಾಲದು. 1945ಕ್ಕೆ ಮುಂಚಿನ ಸೈನ್ಯದ ಆಳ್ವಿಕೆಯೂ ಶೋವಾ, 1964ರ ಟೋಕಿಯೊ ಒಲಿಂಪಿಕ್ಸೂ ಶೋವಾ. ಯುದ್ಧಪೂರ್ವ, ಯುದ್ಧೋತ್ತರ ಎಂದು ಸೇರಿಸಿ.

ಚಕ್ರವರ್ತಿಗಳನ್ನು ಶಕೆಯಿಂದ ಕರೆಯುವುದು ಅವರು ತೀರಿಕೊಂಡ ಮೇಲೆ. ಹಿರೊಹಿತೊ ಈಗ ಶೋವಾ ಚಕ್ರವರ್ತಿ. ಆದರೆ ಈಗ ಸಿಂಹಾಸನದಲ್ಲಿರುವ ನಾರುಹಿತೊ ಅವರನ್ನು ‘ರೇವಾ ಚಕ್ರವರ್ತಿ’ ಎಂದಾಗಲಿ, 2019ರಲ್ಲಿ ಪದತ್ಯಾಗ ಮಾಡಿದ ಅಕಿಹಿತೊ ಅವರನ್ನು ‘ಹೇಸೇ ಚಕ್ರವರ್ತಿ’ ಎಂದಾಗಲಿ ಬರೆದರೆ ಬದುಕಿರುವವರಿಗೆ ತಿಥಿ ಮಾಡಿದಂತಾಗುತ್ತದೆ.

ಕೊನೆಗೆ ಕಾಗುಣಿತ. ಎ-ಏ, ಒ-ಓ ಎಂಬ ಹ್ರಸ್ವ ದೀರ್ಘ ಎರಡೂ ಇರುವ ಲಿಪಿ ನಮ್ಮದು. ಜಪಾನೀ ಭಾಷೆಗೆ ಬೇಕಾದದ್ದೂ ಅದೇ. ರೋಮನ್ ಅಕ್ಷರ ನೋಡಿ ‘ರೈವಾ’, ‘ಹೈಸೈ’, ‘ಮೈಜಿ’ ಎಂದು ಬರೆಯುವುದರ ಬದಲು ಕಿವಿಗೆ ಕೇಳುವಂತೆ ರೇವಾ, ಹೇಸೇ, ಮೇಜಿ ಎನ್ನಬಹುದು. ಜೋಮೊನ್ ಎಂಬಲ್ಲಿ ಮೊದಲನೆಯ ಓ ದೀರ್ಘ, ಎರಡನೆಯದು ಹ್ರಸ್ವ. ಎದೊ ಎಂಬಲ್ಲಿ ಎರಡೂ ಹ್ರಸ್ವ, ದಕಾರ ಹಲ್ಲಿನದು. ಟೋಕಿಯೊ, ಕ್ಯೋಟೊ ರೂಢಿಗೆ ಬಂದುಬಿಟ್ಟಿವೆ, ಇರಲಿ. ನಾರಾ ಎಂಬುದನ್ನು ಉಚ್ಚಾರಕ್ಕೆ ಸರಿಯಾಗಿ ಬರೆದರೆ ‘ನರ’ ಆಗುತ್ತದೆ. ‘ನರ ಕಾಲ’ ಎಂಬ ತಲೆಬರಹ ಕಂಡ ಓದುಗರು ವೈದ್ಯರ ಅಂಕಣ ಎಂದು ಪುಟ ಮಗುಚಬಹುದು. ಅಲ್ಲಿ ಮಾತ್ರ ದೀರ್ಘವೇ ಇರಲಿ.

ಇಂತಿ,
ಜಪಾನಿನ ಇತಿಹಾಸದ ಓದುಗರು